ವಸಂತ ಕಾಕಾ ಇಂಡಿಯಲ್ಲಿ ಇದ್ದ ವರ್ಷ

ಬಸ್ಸಿನಿಂದ ಇಳಿದ ಮೇಲೆ ಮುಂದಕ್ಕೆ ಸುತ್ತಿ ಹೋಗಿ, ಡ್ರೈವರನ ಕಿಟಕಿಯ ಕೆಳಗೆ ನಿಂತು, ಕತ್ತೆತ್ತಿ "ಛಲೋ ತಂದ್ರಿ" ಎಂದು ಹೇಳಿ ಹೋಗುವವರನ್ನು ನಾನು ಒಬ್ಬರನ್ನೇ ನೋಡಿದ್ದೇನೆ. ಅವರು ನಮ್ಮ ವಸಂತ ಕಾಕಾ. ಮೊದಮೊದಲು ಇಂಡಿ ಸ್ಟ್ಯಾಂಡಿನ ಡ್ರೈವರುಗಳು ಈ ಮನುಷ್ಯ ತಮ್ಮ ಚೇಷ್ಟೆ ಮಾಡುತ್ತಿದ್ದಾನೆಂದೇ ತಿಳಿದಿದ್ದರು. ಒಬ್ಬ ಡ್ರೈವರಂತೂ ಬಾಗಿಲು ತೆರೆದು ಕೆಳಗಿಳಿದೇ ಬಂದ.

"ಯಾಕ್ರಿ ಯಜಮಾನ್ರ, ಏನಾರ ತಪ್ಪಾತೇನು?"

"ತಪ್ಪಿಲ್ಲಪಾ. ತಗ್ಗು ಬಂದಲ್ಲಿ ಹಗರಕ ಇಳಿಸಿದಿ. ನನ್ನ ಮುಂದ ಮುದುಕಿ ಮಲಗಿತ್ತು, ಅದಕ್ಕ ಎಚ್ಚರ ಆಗಲಿಲ್ಲ. ಅದನ್ನ ಹೇಳಾಕ ಬಂದೆ."

ಡ್ರೈವರ ಅವರಿಗೆ ಚಹಾ ಕುಡಿಸಿದ. ಕಾಕಾ ಬಸಿಯಲ್ಲಿ ಸುರುವಿಕೊಂಡು, ಊದಿ ಊದಿ ಕುಡಿದರು. ಪಕ್ಕದಲ್ಲಿ ನಿಂತಿದ್ದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು. ಆಗ ನನಗೆ ಹದಿನೆಂಟು. ಆ ವಯಸ್ಸಿನಲ್ಲಿ ಜೊತೆಗಿರುವ ಹಿರಿಯರು ಏನು ಮಾಡಿದರೂ ನಾಚಿಕೆಯೇ.

ಕಾಕಾ ಸ್ವತಃ ಡ್ರೈವರರೇ. ಚಡಚಣದ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿ, ಅಂಗಡಿಯಲ್ಲಿ ಕೂರಲಾರದೆ ಊರು ಬಿಟ್ಟು, ಪುಣೆ ಮುಂಬೈ ದಾಟಿ, ಯಾರದೋ ಗುರುತಿನಿಂದ ಅಮೆರಿಕಕ್ಕೆ ಹೋಗಿ, ಅಲ್ಲಿ ಉತ್ತರದ ಒಂದು ಊರಿನಲ್ಲಿ ಸಿಟಿ ಬಸ್ಸು ನಡೆಸುತ್ತಿದ್ದರು. ವರ್ಷದ ಅರ್ಧ ದಿನ ರಸ್ತೆಯ ಮೇಲೆ ಹಿಮ ಬೀಳುವ ಊರು ಅದು. ಅಲ್ಲಿಯ ಪೌರತ್ವವೂ ಬಂದಿತ್ತು. ಮಕ್ಕಳಿರಲಿಲ್ಲ. ಹೆಂಡತಿ ಕಾಯಿಲೆಯಲ್ಲಿ ತೀರಿಹೋಗಿದ್ದರು. ಊರು ಬಿಟ್ಟಾಗ ಇದ್ದ ಕನ್ನಡವೇ ಅವರ ಬಾಯಲ್ಲಿ ಹಾಗೇ ಉಳಿದಿತ್ತು. ಬಸ್ಸಿಗೆ ಅವರು 'ಸರ್ವಿಸ್ ಮೋಟಾರ' ಅನ್ನುತ್ತಿದ್ದರು. ನಡುನಡುವೆ ಚಡಚಣದ ಮರಾಠಿ ಇಣುಕುತ್ತಿತ್ತು. ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, "ಪೋರಿ" ಅನ್ನುವುದೇ ಹೆಚ್ಚು. ಯಾವ ಕೆಲಸ ಕೆಟ್ಟರೂ ಅವರ ಮಾತು ಒಂದೇ: "ರಸ್ತಾ ಇರತೈತಿ. ವಳಸಿ ಹೋಗಬೇಕಾಗತೈತಿ, ಅಷ್ಟ."

ಅವರು ನನ್ನ ಅವ್ವನ ಎರಡನೆಯ ಗಂಡ. ನನ್ನ ಹೆತ್ತ ಅಪ್ಪ ಬಸವನ ಬಾಗೇವಾಡಿ ತಾಲೂಕಿನ ಗೊಳಸಂಗಿಯವರು. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಮೋಟಾರ್ ಸೈಕಲ್ ಅಪಘಾತದಲ್ಲಿ ಹೋದರು. ಅವ್ವ ನನ್ನನ್ನು ಕರೆದುಕೊಂಡು ಇಂಡಿಗೆ, ಅಜ್ಜನ ಮನೆಗೆ ಬಂದಳು. ಅಲ್ಲಿಯೇ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಅಜ್ಜನಿಗೆ ಊರ ಹೊರಗೆ ಲಿಂಬೆಯ ತೋಟ. ಕಾಕಾನ ತಂಗಿ ಅದೇ ಹೈಸ್ಕೂಲಿನಲ್ಲಿ ಶಿಕ್ಷಕಿ, ದಿನಾ ಸಿಂದಗಿಯಿಂದ ಬಂದು ಹೋಗುತ್ತಿದ್ದವರು. ಅವರೇ ಈ ಸಂಬಂಧದ ಮಾತು ತೆಗೆದದ್ದು. ಅವ್ವ ಬಹಳ ದಿನ ಬೇಡವೆಂದಳು. ಆಮೇಲೆ ಫೋನಿನಲ್ಲಿ ಮಾತಾಡಿದಳು. ಆಮೇಲೆ ಆ ಫೋನಿಗಾಗಿ ಕಾಯತೊಡಗಿದಳು. ಅದು ನನಗೆ ಗೊತ್ತಾಗುತ್ತಿತ್ತು, ಮತ್ತು ಒಳಗೊಳಗೇ ಸಿಟ್ಟು ಬರುತ್ತಿತ್ತು.

ಅಜ್ಜನ ವಿರೋಧವೇನೂ ಇರಲಿಲ್ಲ. ಆದರೆ ಅವರದೊಂದು ಕ್ರಮ ಇತ್ತು. ಕಾಕಾ ರಜೆಯ ಮೇಲೆ ಬಂದಾಗ ನಮ್ಮ ಪಡಸಾಲೆಯಲ್ಲಿ ಕೂಡಿಸಿಕೊಂಡು ಹೇಳಿದರು: "ಹುಡುಗಿದು ಪಿಯುಸಿ ಮುಗೀಲಿ. ಡಿಗ್ರಿ ಆಗಲಿ. ಆಕಿದೊಂದು ಲಗ್ನ ಮಾಡಿ ಕಳಸೂಣು. ಆಮ್ಯಾಲ ನಿಮ್ಮದು. ಬೆಳದ ಮಗಳನ್ನ ಮನ್ಯಾಗ ಇಟಗೊಂಡು ತಾಯಿ ಅಕ್ಕಿಕಾಳು ಹಾಕಿಸಿಕೊಂಡ್ರ ಮಂದಿ ಏನಂದಾರು?"

ನಾನು ಒಳಗಿನ ಬಾಗಿಲ ಹತ್ತಿರ ನಿಂತಿದ್ದೆ. ಅಜ್ಜನ ಮಾತು ನನಗೆ ಬಹಳ ಹಿಡಿಸಿತು. ಡಿಗ್ರಿ, ಲಗ್ನ ಅನ್ನುವಷ್ಟರಲ್ಲಿ ಈ ಮನುಷ್ಯ ಬೇಸತ್ತು ಹೋಗಿಯಾನು ಎಂದು ಲೆಕ್ಕ ಹಾಕಿದೆ.

ಕಾಕಾ ತಲೆಯ ಮೇಲಿನ ಉಣ್ಣೆಯ ಟೊಪ್ಪಿಗೆಯನ್ನು ಸರಿಮಾಡಿಕೊಂಡರು. ಇಂಡಿಯ ಬಿಸಿಲಿನಲ್ಲೂ ಅವರು ಅದನ್ನು ತೆಗೆಯುತ್ತಿರಲಿಲ್ಲ.

"ಅಲ್ಲೀತನಕ ತಡದ್ರ ನನಗ ಹೆಂಡ್ತಿ ಸಿಗತಾಳ್ರಿ ಮಾಮಾ, ಮಗಳು ಸಿಗಂಗಿಲ್ಲ."

"ಅಂದ್ರ?"

"ನಮ್ಮಲ್ಲಿ ಕಾಯ್ದೆ ಹಂಗೈತಿ. ನಾ ಅಲ್ಲಿ ಸಿಟಿಜನ್. ಸಿಟಿಜನ್ ಆದಾವರು ತಮ್ಮ ಮಕ್ಕಳನ್ನ ಕರಿಸಿಕೋಬಹುದು. ಹೆಂಡ್ತಿ ಕರಕೊಂಡ ಬಂದ ಮಗಳೂ ಮಗಳ ಅಂತ ಹಿಡೀತಾರ. ಆದ್ರ ಲಗ್ನ ಆಗೂಮುಂದ ಆ ಮಗಳಿಗೆ ಹದಿನೆಂಟು ತುಂಬಿರಬಾರದು. ತುಂಬಿದ ಮರುದಿನ ನಾವು ತಾಳಿ ಕಟ್ಟಿದ್ರ ಈ ಹುಡುಗಿ ನನಗ ಏನೂ ಆಗಂಗಿಲ್ಲ. ಅರ್ಜಿ ಹಾಕೂ ಹಕ್ಕ ನನಗಿರಂಗಿಲ್ಲ."

"ಆಕೀನ್ನ ನಾವು ನೋಡ್ಕೊಂತೀವಿ. ಇಲ್ಲೇ ಇರ್ತಾಳ."

"ಇರ್ಲಿ ಬಿಡ್ರಿ, ಆಕಿ ಇಲ್ಲೇ ಇರ್ತೇನಿ ಅಂದ್ರ ಇರ್ಲಿ. ಆದ್ರ ನಾ ಒಬ್ಬ ತಾಯೀನ್ನ ಮಗಳಿಂದ ಬಿಡಿಸಿಕೊಂಡ ಹೋದೆ ಅನ್ನೂ ಮಾತು ನನ್ನ ಮ್ಯಾಲ ಬರಬಾರದು. ಈ ಲಗ್ನ ಆದ್ರ ಆಕಿಗೆ ಹದಿನೆಂಟು ತುಂಬೂದ್ರೊಳಗ ಆಗಬೇಕು. ಇಲ್ಲಂದ್ರ ಬ್ಯಾಡ. ನಾ ಹಂಗ ಹೋಗ್ತೇನಿ."

ಅವ್ವ ಒಳಗಿನಿಂದ ಬಂದು ಅಜ್ಜನ ಎದುರು ಕೂತಳು. ಅಜ್ಜ ಅವಳ ಮುಖ ನೋಡಿದರು. ಆ ವರ್ಷದ ದೀಪಾವಳಿ ಮುಗಿದು, ನನ್ನ ಹುಟ್ಟುಹಬ್ಬ ಬರುವುದರೊಳಗೆ ಮದುವೆ ಆಯಿತು. ಗಂಡ ಸತ್ತವಳ ಮದುವೆಯೆಂದರೆ ನಮ್ಮ ಕಡೆ ನಾಲ್ಕು ಜನ ಸೇರಿ, ಸದ್ದಿಲ್ಲದೆ, ಉಡಕಿ ಅಂತ ಮಾಡಿ ಮುಗಿಸುತ್ತಾರೆ. ಕಾಕಾ ಅದಕ್ಕೆ ಒಪ್ಪಲಿಲ್ಲ. ಮನೆಯ ಮುಂದೆ ಹಂದರ ಹಾಕಿಸಿದರು. ಊಟಕ್ಕೆ ಓಣಿಯವರನ್ನೆಲ್ಲ ಕರೆದರು. ನಾನು ಯಾವ ಫೋಟೋದಲ್ಲೂ ನಗಲಿಲ್ಲ. ಆ ಆಲ್ಬಮ್ ತೆಗೆದಾಗಲೆಲ್ಲ ಕಾಕಾ ನನ್ನ ಮುಖದ ಮೇಲೆ ಬೆರಳಿಟ್ಟು, "ಇಕಾ, ನಮ್ಮ ಪೊಲೀಸ್ ಪಾಟೀಲ" ಅನ್ನುತ್ತಿದ್ದರು.

ಕಾಕಾ ಮರಳಿ ಹೋಗಿ ಅರ್ಜಿ ಹಾಕಿದರು. ಕೆಲವು ತಿಂಗಳ ಮೇಲೆ ಅದು ಮಂಜೂರಾಯಿತು. ವೀಸಾಕ್ಕಾಗಿ ಮುಂಬೈಯ ಅಮೆರಿಕನ್ ಕಾನ್ಸುಲೇಟಿನ ಸಂದರ್ಶನಕ್ಕೆ ತಯಾರಾಗಬೇಕೆಂದು ಬಂದ ಸೂಚನೆಯಲ್ಲಿ ಅವ್ವನ ಹೆಸರು ಮಾತ್ರ ಇತ್ತು. ನನ್ನ ಹೆಸರಿರಲಿಲ್ಲ.

ಆದದ್ದೇನೆಂದರೆ, ಕಾಕಾನ ಗೆಳೆಯರು ಕೆಲವರು ಪೌರತ್ವ ಸಿಗುವ ಮೊದಲು, ತಾವಿನ್ನೂ ಗ್ರೀನ್ ಕಾರ್ಡಿನ ಮೇಲೆ ಇದ್ದಾಗಲೇ ಹೆಂಡತಿ ಮಕ್ಕಳನ್ನು ಕರೆಸಿಕೊಂಡವರು. ಅಂಥವರಿಗೆ ಹೆಂಡತಿಯ ಅರ್ಜಿಯಲ್ಲೇ ಮಕ್ಕಳ ಹೆಸರು ಬರೆದರೆ ಸಾಕು, ಮಕ್ಕಳು ತಾಯಿಯ ಜೊತೆ ಬರುತ್ತಾರೆ. ಗೆಳೆಯರ ಮಾತು ಕೇಳಿ ಕಾಕಾ ಹಾಗೆಯೇ ಬರೆದಿದ್ದರು. ಆದರೆ ಅರ್ಜಿ ಹಾಕುವವನು ಪೌರನಾಗಿದ್ದರೆ ಲೆಕ್ಕ ಬೇರೆ. ಹೆಂಡತಿಗೊಂದು ಅರ್ಜಿ, ಮಗಳಿಗೆ ಬೇರೆಯೇ ಅರ್ಜಿ. ನನ್ನ ಅರ್ಜಿ ಹೊಸದಾಗಿ ಮೊದಲಿನಿಂದ ಶುರುವಾಗಬೇಕಿತ್ತು.

ಫೋನಿನಲ್ಲಿ ಕಾಕಾ ಸುತ್ತಿಬಳಸಿ ಹೇಳಲಿಲ್ಲ. "ತಪ್ಪು ನಂದು. ಕೇಳಿದ್ದು ಮಂದೀನ್ನ, ಕೇಳಬೇಕಾಗಿದ್ದು ಆಫೀಸಿನಾಗ. ಸಿಟಿಜನ್ ಅದೇನಿ ಅಂತ ಎದಿ ಉಬ್ಬಿಸಿಕೊಂಡ ತಿರಗ್ಯಾಡಿದೆ, ಅದರ ಕಾಯ್ದೇನ ಓದಲಿಲ್ಲ."

ಮನೆಯಲ್ಲಿ ಎಲ್ಲರೂ ಅವ್ವನಿಗೆ ಹೋಗಿಬಿಡು ಎಂದರು. ಬಂದ ವೀಸಾ ಬಿಡಬಾರದು, ಹುಡುಗಿಯನ್ನು ವಿಜಯಪುರದ ಹಾಸ್ಟೆಲಿನಲ್ಲಿ ಇಟ್ಟರಾಯಿತು, ಹಿಂದಿನಿಂದ ಬಂದಾಳು ಎಂದರು. ಅವ್ವ ಊಟ ಬಿಟ್ಟಳು. ನಾನು ಮಾತ್ರ, ಹೋಗುತ್ತಾಳೋ ಇಲ್ಲವೋ ನೋಡೋಣ ಎಂದು ಕಾಯುತ್ತಿದ್ದೆ.

ಅದರ ಮುಂದಿನ ವಾರ ಕಾಕಾ ಮತ್ತೆ ಫೋನು ಮಾಡಿದರು. ಅವ್ವನ ಅರ್ಜಿಯನ್ನು ಮಗಳದು ಬರುವವರೆಗೆ ತಡೆದಿಡಿ ಎಂದು ಬರೆದು ಹಾಕಿದ್ದೇನೆ, ಮಗಳ ಹೊಸ ಅರ್ಜಿಯನ್ನೂ ಹಾಕಿದ್ದೇನೆ ಎಂದರು. ಮುಂದಿನ ಮಾತು ಹೇಳುವಾಗ ಚಹಾಕ್ಕೆ ಸಕ್ಕರೆ ಹಾಕು ಅನ್ನುವ ಧ್ವನಿಯೇ ಇತ್ತು.

"ಉದ್ದನ ರಜಾ ಕೇಳಿದೆ, ಕೊಡಲಿಲ್ಲ. ಅದಕ್ಕ ನೌಕರಿ ಬಿಟ್ಟೇನಿ. ಹೆಂಗಿದ್ರೂ ಒಂದೆರಡು ವರ್ಷಕ್ಕ ರಿಟೈರ್ ಆಗಾಂವ. ನೀವು ಇಲ್ಲಿ ಬರೂತನಕ ನಾನ ಅಲ್ಲಿ ಬಂದು ಇರ್ತೇನಿ. ಮನಿ ಇಲ್ಲಿ ಹಂಗ ಇರತೈತಿ, ಎಲ್ಲಿ ಓಡಿ ಹೋಗಂಗಿಲ್ಲ."

ಹೀಗೆ ಅಮೆರಿಕದ ಪೌರನೊಬ್ಬ ಅಜ್ಜನ ಮನೆಯ ಮಾಳಿಗೆಯ ಕೋಣೆಗೆ ಬಂದು ಬಿದ್ದುಕೊಂಡ. ಊರಿಗೆ ಇದು ಹಬ್ಬವಾಯಿತು. ಎಲ್ಲರ ಅಳಿಯಂದಿರು ಅಮೆರಿಕಕ್ಕೆ ಹೋದರೆ ನಮ್ಮ ಅಳಿಯ ಅಮೆರಿಕದಿಂದ ಮನೆಅಳಿಯನಾಗಲು ಬಂದ ಎಂದು ಚಾವಡಿ ಕಟ್ಟೆಯಲ್ಲಿ ನಕ್ಕರು. ಅದು ಕಾಕಾನ ಕಿವಿಗೆ ಬಿತ್ತು. ಮರುದಿನ ಅದೇ ಕಟ್ಟೆಗೆ ಹೋಗಿ ಕೂತು, "ಮನಿಅಳಿಯ ಬಂದೇನ್ರಿಪಾ, ಜಾಗಾ ಕೊಡ್ರಿ" ಎಂದರಂತೆ. ಆಮೇಲೆ ಆ ಮಾತಿಗೆ ರುಚಿ ಉಳಿಯಲಿಲ್ಲ.

ಬೆಳಿಗ್ಗೆ ಅಜ್ಜನ ಜೊತೆ ತೋಟಕ್ಕೆ ಹೋಗುತ್ತಿದ್ದರು. ಲಿಂಬೆಯ ಮುಳ್ಳು ಅವರ ಕೈಗೆ ಹೊಸದು, ಮುಂಗೈಯೆಲ್ಲ ಗೀರು ಗೀರಾಗಿರುತ್ತಿತ್ತು. ರೊಟ್ಟಿ ಬಡಿಯಲು ಕಲಿಯುತ್ತೇನೆಂದು ಒಲೆಯ ಮುಂದೆ ಕೂತು, ನಕಾಶೆಯಂಥ ರೊಟ್ಟಿಗಳನ್ನು ಬಡಿದು, ಅವನ್ನು ತಾವೇ ತಿನ್ನುತ್ತಿದ್ದರು. ನಾನು ವಿಜಯಪುರದ ಕಾಲೇಜಿಗೆ ಹೋಗುವಾಗ ಸ್ಟ್ಯಾಂಡಿನವರೆಗೆ ಬರುತ್ತಿದ್ದರು. ಬೇಡವೆಂದರೂ ಬರುತ್ತಿದ್ದರು. ನಾನು ಮುಂದೆ, ಅವರು ಹತ್ತು ಹೆಜ್ಜೆ ಹಿಂದೆ. ನಮ್ಮ ಮನೆಯ ಗೋಡೆಯ ಮೇಲೆ ಅಪ್ಪನ ಫೋಟೋ ಇತ್ತು. ಕಾಕಾ ಬಂದ ಮೇಲೆ ಅದನ್ನು ಒಳಕೋಣೆಗೆ ಸರಿಸೋಣವೇ ಎಂದು ಅಜ್ಜ ಕೇಳಿದ್ದಕ್ಕೆ, "ಮೊದಲ ಬಂದಾವರು ಅವರು, ನಾ ಯಾಂವ ಸರಸಾಕ?" ಎಂದಿದ್ದರು. ಅದನ್ನು ನಾನು ಕೇಳಿಸಿಕೊಂಡಿದ್ದೆ. ಆದರೂ ಸೋಲುವ ಮನಸ್ಸಿರಲಿಲ್ಲ.

ಒಂದು ದಿನ ಸ್ಟ್ಯಾಂಡಿನ ದಾರಿಯಲ್ಲಿ ನಿಂತೇ ಹೇಳಿಬಿಟ್ಟೆ. "ನಾ ಬರಂಗಿಲ್ರಿ ಅಮೆರಿಕಾಕ್ಕ. ನೀವು ಅವ್ವನ್ನ ಕರಕೊಂಡ ಹೋಗ್ರಿ. ನನಗೋಸ್ಕರ ಇಲ್ಲಿ ಕೂಡಬ್ಯಾಡ್ರಿ."

ಕಾಕಾ ಹತ್ತಿರ ಬಂದರು. ಬೇಸರವಾದಂತೆ ಕಾಣಲಿಲ್ಲ.

"ಬರಬ್ಯಾಡ. ಯಾರ ಒತ್ತಾಯ ಮಾಡ್ಯಾರ? ಆದ್ರ ವೀಸಾ ತಗೋ. ಅದು ಕೈಯಾಗ ಇದ್ದಾಗ ಒಲ್ಲೆ ಅನ್ನು, ನಾ ಒಪ್ಕೋತೇನಿ. ಅದು ಇಲ್ಲದಾಗ ಒಲ್ಲೆ ಅಂದ್ರ ಆ ಮಾತಿಗೆ ವಜನ ಇಲ್ಲ."

ನನ್ನ ಬಸ್ಸು ಬಂತು. ಹತ್ತಿ ಕೂತೆ. ಅವತ್ತು ಕ್ಲಾಸಿನಲ್ಲಿ ಏನು ಕಲಿಸಿದರೋ ನೆನಪಿಲ್ಲ, ಆ ಮಾತೇ ತಲೆಯಲ್ಲಿತ್ತು.

ಅರ್ಜಿಗೆ ಅಪ್ಪನ ಮರಣದ ದಾಖಲೆ ಬೇಕಾಯಿತು. ನಮ್ಮ ಹತ್ತಿರ ಇದ್ದ ಪ್ರತಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ಬರೆದಿತ್ತು, ಅದನ್ನು ಗೊಳಸಂಗಿಯ ಮನೆತನದವರು ಬಾಗೇವಾಡಿಯಲ್ಲಿ ಸಹಿ ಮಾಡಿ ತಿದ್ದಿಸಬೇಕಿತ್ತು. ಅವ್ವನ ಮದುವೆಯಾದ ಮೇಲೆ ಗೊಳಸಂಗಿಯವರು ನಮ್ಮ ಜೊತೆ ಮಾತು ಬಿಟ್ಟಿದ್ದರು. ಅಜ್ಜ ಯಾರನ್ನಾದರೂ ನಡುವೆ ಹಾಕಿ ಮಾಡಿಸೋಣ ಎಂದರು. ಕಾಕಾ ಕೇಳಲಿಲ್ಲ. "ಪೋರಿ, ನಡಿ, ನಿಮ್ಮ ಅಪ್ಪನ ಊರಿಗೆ ಹೋಗೂಣು" ಎಂದರು. ಅಪ್ಪ ಹೋದ ಮೇಲೆ ನಾನು ಆ ಊರನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಅವರ ಮುಖ ಒಂದು ಕ್ಷಣ ಅರಳಿತು. ಹಿಂದೆ ನಿಂತ ಕಾಕಾನನ್ನು ಕಂಡು ಹಾಗೆಯೇ ಮುಚ್ಚಿಕೊಂಡಿತು. ನನಗೆ ಬಾ ಎಂದರು. ಅವರಿಗೆ ಅನ್ನಲಿಲ್ಲ. ನೀರೂ ಬರಲಿಲ್ಲ. ಕಾಕಾ ಕರೆಯದೆಯೇ ಕಟ್ಟೆಯ ಕೆಳಗಿನ ಕಲ್ಲಿನ ಮೇಲೆ ಕೂತರು.

"ನಮ್ಮ ಮನಿ ಹೆಣ್ಣಮಗಳನ್ನ ಒಯ್ಯಾಕ ಬಂದೀರಿ?" ದೊಡ್ಡಪ್ಪ ಕೇಳಿದರು.

"ಒಯ್ಯಾಕ ಬಂದಿಲ್ರಿ. ಕೇಳಾಕ ಬಂದೇನಿ. ಮೊದಲ ಬರಬೇಕಾಗಿತ್ತು. ಲಗ್ನಕ್ಕ ಮೊದಲ. ಬರಲಿಲ್ಲ, ಅದು ಸರಿ ಆಗಲಿಲ್ಲ."

"ಅಲ್ಲಿ ಹೋದ ಮ್ಯಾಲ ಆಕಿ ಹೆಸರಿನ ಮುಂದ ನಿಮ್ಮ ಹೆಸರು ಹಚ್ಚತೀರಿ. ನನ್ನ ತಮ್ಮನ ಹೆಸರು ಅಳಿಸಿಹೋಗತೈತಿ. ಅಂವ ಹೋದ. ಅಂವಂದು ಅಂತ ಇದ್ದದ್ದು ಇದೊಂದ ಕೂಸು."

ದೊಡ್ಡಪ್ಪನ ಸಿಟ್ಟು ಇದಕ್ಕೇ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವ್ವನ ಮದುವೆಯ ಬಗ್ಗೆ ಎಂದುಕೊಂಡಿದ್ದೆ.

ಕಾಕಾ ಕಲ್ಲಿನಿಂದ ಎದ್ದು ಬಂದು ಚೀಲದಿಂದ ಅರ್ಜಿಯ ಪ್ರತಿ ತೆಗೆದು, ದೊಡ್ಡಪ್ಪನ ಪಕ್ಕ ಕೂತು, ಬೆರಳಿಟ್ಟು ತೋರಿಸಿದರು. "ನೋಡ್ರಿ ಅಣ್ಣಾವ್ರ. ತಂದಿ ಹೆಸರು ಅಂತ ಇದ್ದಲ್ಲಿ ನಿಮ್ಮ ತಮ್ಮಂದ ಐತಿ. ನಂದು ಇಲ್ಲಿ ಕೆಳಗ, ತಾಯಿಯ ಗಂಡ ಅಂತ. ಕಾಯ್ದೆನ ಹಂಗೈತಿ. ನಿಮ್ಮ ತಮ್ಮನ ಹೆಸರ ಅಳಿಸಿದ್ರ ಈಕಿಗೆ ವೀಸಾನ ಸಿಗಂಗಿಲ್ಲ. ಅವರ ಹೆಸರಿನ ಮ್ಯಾಲ ನಾ ಅರ್ಜಿ ಹಾಕೇನಿ. ಆ ಹೆಸರ ತಪ್ಪ ಬರದಾರ, ಅದನ್ನ ತಿದ್ದಿ ಕೊಡ್ರಿ ಅಂತ ಕೇಳಾಕ ಬಂದೇನಿ."

ದೊಡ್ಡಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನತ್ತ ಹೊರಳಿ, "ಓದವಾ" ಎಂದರು. ನಾನು ಅಪ್ಪನ ಹೆಸರು, ಅಜ್ಜನ ಹೆಸರು, ಮನೆತನದ ಅಡ್ಡಹೆಸರು ಓದಿದೆ. ದೊಡ್ಡಪ್ಪ ಮತ್ತೊಮ್ಮೆ ಓದಿಸಿದರು. ಆಮೇಲೆ ಒಳಗೆ ತಿರುಗಿ, "ಬೀಗರು ಬಂದಾರ, ನೀರ ತರ್ರಿ" ಎಂದರು.

ಅಂದು ಉಂಡು, ಅವರ ಜೊತೆಗೇ ಬಾಗೇವಾಡಿಗೆ ಹೋದೆವು. ಸಹಿ ಆಯಿತು. ಬಸ್ಸಿನಲ್ಲಿ ಮರಳಿ ಬರುವಾಗ ಕಾಕಾ, "ನಿಮ್ಮಪ್ಪ ಹೆಂಗಿದ್ರು? ಏನರ ನೆನಪೈತೇನು?" ಎಂದು ಕೇಳಿದರು. ನನಗೆ ನೆನಪಿದ್ದದ್ದು ಸ್ವಲ್ಪ. ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ನನ್ನನ್ನು ಕೂಡಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದದ್ದು, ಶೇಂಗಾ ಸುಟ್ಟು ಊದಿ ಕೊಡುತ್ತಿದ್ದದ್ದು. ಹೇಳುತ್ತಾ ಹೋದೆ. ಆ ಹಾದಿಯುದ್ದಕ್ಕೂ ಮಾತಾಡಿದ್ದು ನಾನೊಬ್ಬಳೇ. ಅಷ್ಟು ಮಾತು ನನ್ನೊಳಗೆ ಇತ್ತೆಂದು ನನಗೇ ತಿಳಿದಿರಲಿಲ್ಲ.

ನಾವಿಬ್ಬರೂ ಗೆಳೆಯರಾದದ್ದು ಆಮೇಲೆ. ಆ ಬೇಸಿಗೆಯಲ್ಲೇ ಮುದ್ದೇಬಿಹಾಳದ ಕಡೆಯಿಂದ ನನಗೊಂದು ಸಂಬಂಧ ಬಂತು. ಹೊಲ ಮನೆ ಚೆನ್ನಾಗಿದ್ದ ಮಂದಿ, ಅಜ್ಜನಿಗೆ ಮನಸ್ಸಾಯಿತು. ನನಗೆ ಓದಬೇಕಿತ್ತು. ಆದರೆ ಬಾಯಿಬಿಟ್ಟು ಹೇಳುವ ಬದಲು ಒಂದು ನೆಪ ಹುಡುಕಿಟ್ಟಿದ್ದೆ. ಪೌರನ ಮಗಳೆಂದು ವೀಸಾ ಸಿಗಬೇಕಾದರೆ ಮದುವೆಯಾಗಿರಬಾರದು. ಮದುವೆಯಾದರೆ ಅದು ಬೇರೆಯೇ ಸಾಲು, ವರ್ಷಗಟ್ಟಲೆ ಕಾಯಬೇಕು. ಇದನ್ನು ಬಂದವರಿಗೆ ನೀವೇ ಹೇಳಿಬಿಡಿ ಎಂದು ಕಾಕಾನನ್ನು ಕೇಳಿಕೊಂಡೆ.

"ಕಾಯ್ದೆ ಖರೇ ಐತಿ" ಎಂದರು ಕಾಕಾ. "ಆದ್ರ ನಾ ಹೇಳಂಗಿಲ್ಲ. ವೀಸಾದ ಮರೀಗೆ ನಿಂತರ ಆ ಮಂದಿ ಇನ್ನೊಂದ ವರ್ಷ ಬಿಟ್ಟು ಮತ್ತ ಬರ್ತಾರ. ಒಲ್ಲೆ ಅನ್ನೂದಿದ್ರ ಒಲ್ಲೆ ಅನ್ನು. ನಾ ಬಾಜೂಕ ಕುಂದರತೇನಿ."

ಬಂದವರು ಚಹಾ ಕುಡಿದು ಮುಗಿಸಿದ ಮೇಲೆ ನಾನು ಪಡಸಾಲೆಗೆ ಹೋದೆ. "ನನಗ ಈಗ ಲಗ್ನ ಬ್ಯಾಡ್ರಿ. ನಾ ಓದಬೇಕಂತೇನಿ. ತಪ್ಪ ತಿಳ್ಕೋಬ್ಯಾಡ್ರಿ" ಎಂದೆ. ಅಜ್ಜ ಗೋಡೆ ನೋಡಿದರು. ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು, "ನಮ್ಮ ಹುಡುಗಿ ಸಾಫ್ ಮಾತಾಡತೈತ್ರಿ" ಎಂದರು. ಆ ಮಾತಿನಲ್ಲಿದ್ದ ಹೆಮ್ಮೆಯನ್ನು ನಾನು ಇಂದಿಗೂ ಅಳೆಯಲಾರೆ. ಆಮೇಲೆ ಹಲವು ಕಡೆ, ಹಲವರ ಎದುರು ಬೇಡವೆಂದು ಹೇಳಬೇಕಾಗಿ ಬಂದಾಗ ನಾನು ನೆಪ ಹುಡುಕಿದ್ದಿಲ್ಲ.

ಮುಂಬೈಯ ಸಂದರ್ಶನದ ದಿನ ಕೊನೆಗೂ ಬಂತು, ಅವ್ವನದೂ ನನ್ನದೂ ಒಟ್ಟಿಗೆ. ಹೊರಡುವ ಮೊದಲು ಸಿಂದಗಿಯ ಪರಿಚಯದವರೊಬ್ಬರು ಮನೆಗೆ ಬಂದು ಬುದ್ಧಿ ಹೇಳಿದ್ದರು. ತಮ್ಮವರಿಗೆ ವೀಸಾ ಆಗಿತ್ತೆಂಬ ಬಲ ಅವರಿಗೆ. "ಅಲ್ಲಿ ಕಾಕಾ ಅನಬ್ಯಾಡವಾ. ಡ್ಯಾಡಿ ಅನ್ನು. ಕಾಕಾ ಅಂದ್ರ ಸುಳ್ಳ ಸಂಬಂಧ ಅಂತ ತಿಳಕೊಂಡು ಕಾಗದಾ ತಿರಗಿ ಒಗೀತಾರ." ಅವ್ವ ಹೆದರಿಬಿಟ್ಟಳು. ರೈಲಿನಲ್ಲಿ ಉದ್ದಕ್ಕೂ ನನಗೆ ಅದನ್ನೇ ಹೇಳಿಕೊಟ್ಟಳು. ಕಾಕಾ ಮೇಲಿನ ಬರ್ತ್‌ನಲ್ಲಿ ಮಲಗಿದ್ದವರು ಬಗ್ಗಿ ನೋಡಿದರು.

"ಏ, ಆಕಿಗೆ ಅದನ್ನ ಕಲಸಬ್ಯಾಡ. ಪೋರಿ, ಮನ್ಯಾಗ ಏನ ಕರೀತಿ ಅದನ್ನ ಹೇಳು. ಸಾಹೇಬರ ಮುಂದ ನನಗ ಹೊಸಾ ಹೆಸರ ಇಡಬ್ಯಾಡ. ನಿಮ್ಮಪ್ಪನ ಜಾಗಾ ಬ್ಯಾರೆ, ನನ್ನ ಜಾಗಾ ಬ್ಯಾರೆ."

ಒಳಗೆ ಕರೆ ಇದ್ದವರನ್ನಷ್ಟೇ ಬಿಟ್ಟರು. ಕಾಕಾ ಹೊರಗೆ ರಸ್ತೆಯ ಆಚೆ ನಿಂತರು. ಗಾಜಿನ ಆಚೆ ಕೂತಿದ್ದ ಅಧಿಕಾರಿ ಹೆಣ್ಣುಮಗಳು, ಅವ್ವನಿಗಿಂತ ಚಿಕ್ಕವಳು. ಅವ್ವನನ್ನು ಮದುವೆಯ ಬಗ್ಗೆ ಕೇಳಿದಳು, ಫೋಟೋ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಅರ್ಜಿ ಹಾಕಿದವರನ್ನು ನೀನು ಏನೆಂದು ಕರೆಯುತ್ತೀ ಎಂದು ಕೇಳಿದಳು. ಅವ್ವ ನನ್ನ ಕೈ ಹಿಡಿದಳು.

ಕಾಕಾ ಎಂದು ಕರೆಯುತ್ತೇನೆ ಎಂದೆ.

ಅದರ ಅರ್ಥ ಕೇಳಿದಳು. ಅಪ್ಪನ ತಮ್ಮ ಎಂದೆ. ಆಕೆ ಬರೆಯುವುದನ್ನು ನಿಲ್ಲಿಸಿ, ತಂದೆ ಎಂದು ಯಾಕೆ ಕರೆಯುವುದಿಲ್ಲ ಎಂದಳು. ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಅಪ್ಪ ತೀರಿಹೋಗಿದ್ದಾರೆ, ಆ ಹೆಸರು ಅವರದು. ಇವರು ಆ ಹೆಸರನ್ನು ನನ್ನಿಂದ ಒಂದು ದಿನವೂ ಕೇಳಿಲ್ಲ. ನನ್ನನ್ನು ಬಿಟ್ಟು ಅವ್ವ ಹೋಗಬಾರದೆಂದು ನೌಕರಿ ಬಿಟ್ಟು ಬಂದು ನಮ್ಮ ಊರಲ್ಲಿ ಇದ್ದಾರೆ. ಅಪ್ಪನ ಹೆಸರು ತಪ್ಪಾಗಿದ್ದದ್ದನ್ನು ತಿದ್ದಿಸಲು ಅಪ್ಪನ ಅಣ್ಣನ ಮನೆಗೆ ಹೋಗಿ ಕಲ್ಲಿನ ಮೇಲೆ ಕೂತಿದ್ದರು. ಈಗ ಹೊರಗೆ ಬಿಸಿಲಲ್ಲಿ ನಿಂತಿದ್ದಾರೆ.

ಆಕೆ ಮತ್ತೆ ಬರೆಯತೊಡಗಿದಳು. ಆಮೇಲೆ ನಿಮ್ಮಿಬ್ಬರ ವೀಸಾ ಮಂಜೂರಾಗಿದೆ ಎಂದಳು.

ಹೊರಗೆ ಬಂದಾಗ ಕಾಕಾ ನಮ್ಮ ಮುಖ ನೋಡಿಯೇ ತಿಳಿದುಕೊಂಡರು. ಅವ್ವ ಅಳುತ್ತಿದ್ದಳು. ನಾನೇ ಹೇಳಿದೆ: "ವೀಸಾ ಕೈಗೆ ಬರತೈತಂತ. ಈಗ ನಾ ಒಲ್ಲೆ ಅಂದ್ರ ವಜನ ಐತೇನ್ರಿ?"

"ಐತಿ" ಎಂದರು. ನಗಲಿಲ್ಲ. ನನ್ನ ಉತ್ತರಕ್ಕೆ ಕಾಯುತ್ತಾ ನಿಂತರು. ನಾನು ಒಲ್ಲೆ ಎಂದಿದ್ದರೆ ಆ ಮನುಷ್ಯ ಖಂಡಿತ ಒಪ್ಪಿಕೊಳ್ಳುತ್ತಿದ್ದರು. ಅದು ಗೊತ್ತಿದ್ದದ್ದರಿಂದಲೇ ನನಗೆ ಹೂಂ ಅನ್ನಲು ಸಾಧ್ಯವಾಯಿತು.

"ಮೂರು ಟಿಕೇಟ ತಗೀರಿ" ಎಂದೆ.

ಕಾಕಾ ಟೊಪ್ಪಿಗೆ ತೆಗೆದು ಅದರಿಂದಲೇ ಮುಖ ಒರೆಸಿಕೊಂಡರು. ಆಮೇಲೆ, "ಹಸಿವಾಗೈತೇನು?" ಎಂದು ಕೇಳಿದರು.

ಅಲ್ಲಿಗೆ ಹೋದ ಮೇಲಿನ ಕಥೆ ಎಲ್ಲ ಮನೆಗಳ ಕಥೆಯಂಥದೇ. ಕಾಕಾ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವ ಸಣ್ಣ ಬಸ್ಸೊಂದನ್ನು ಕೆಲವು ವರ್ಷ ನಡೆಸಿದರು. ಅವ್ವ ಮಕ್ಕಳಿಗೆ ಮನೆಪಾಠ ಹೇಳಿದಳು. ನಾನು ಓದಿ, ಅವ್ವನಂತೆಯೇ ಗಣಿತದ ಶಿಕ್ಷಕಿಯಾದೆ. ಹಿಮದ ಮೇಲೆ ಕಾರು ನಡೆಸಲು ಕಲಿಸಿದವರು ಕಾಕಾ. ಪಕ್ಕದಲ್ಲಿ ಕೂತು, ನಾನು ಬ್ರೇಕು ಒತ್ತಿದಾಗಲೆಲ್ಲ ತಾವೂ ಕಾಲು ಒತ್ತುತ್ತಿದ್ದರು.

ನನ್ನ ಸ್ವಂತ ಪೌರತ್ವದ ಪ್ರಮಾಣ ತೆಗೆದುಕೊಂಡ ದಿನ ಅವರು ಚಡಚಣದಿಂದ ತರಿಸಿದ ಧೋತರ ಉಟ್ಟು ಸಭಾಂಗಣಕ್ಕೆ ಬಂದಿದ್ದರು. ಎಷ್ಟೋ ದೇಶಗಳ ಜನ ಅಲ್ಲಿ ತುಂಬಿದ್ದರು. ಎಲ್ಲರ ಜೊತೆ ಕೈಯೆತ್ತಿ ಮಾತು ಹೇಳಿ ಕೆಳಗಿಳಿದು ಬಂದೆ. ಕಾಕಾ ನನ್ನ ಬೆನ್ನು ತಟ್ಟಿ ಹೇಳಿದರು: "ಮುಗೀತು ನೋಡು. ಇನ್ನ ನನ್ನ ನಿನ್ನ ನಡುವ ಯಾವ ಅರ್ಜೀನೂ ಇಲ್ಲ. ಈಗೂ ನೀ ಕಾಕಾ ಅಂದ್ರ ಅದು ನಿನ್ನ ಖುಷಿಯಿಂದ."

ಕಳೆದ ಚಳಿಗಾಲದಲ್ಲಿ ಅವರಿಗೂ ಅವ್ವನಿಗೂ ಇಂಡಿಯಲ್ಲಿ ಎರಡು ತಿಂಗಳು ಇದ್ದು ಬರುವ ಮನಸ್ಸಾಯಿತು. ಅಜ್ಜ ಹೋಗಿ ಬಹಳ ದಿನವಾಗಿತ್ತು, ಅವ್ವನ ತಮ್ಮ ತೋಟ ನೋಡಿಕೊಳ್ಳುತ್ತಿದ್ದ. ಶಾಲೆ ಇದ್ದದ್ದರಿಂದ ನಾನು ಹೋಗುವಂತಿರಲಿಲ್ಲ. ಅವರು ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ, ತೋಟದಿಂದ ಬಂದು, ಕೈಕಾಲು ತೊಳೆದು, ಮಾಳಿಗೆಯ ಕೋಣೆಯಲ್ಲಿ ಅಡ್ಡಾದ ಕಾಕಾ ಮತ್ತೆ ಏಳಲಿಲ್ಲ. ನಾನು ಬರುವುದರೊಳಗೆ ಎಲ್ಲ ಮುಗಿದಿತ್ತು. ಗೊಳಸಂಗಿಯಿಂದ ದೊಡ್ಡಪ್ಪ ಬಂದು ಹೆಗಲು ಕೊಟ್ಟರೆಂದು ಅವ್ವ ಹೇಳಿದಳು.

ಹಾಗಾಗಿ ನಾನು ಅವರನ್ನು ಕೊನೆಗೆ ನೋಡಿದ್ದು ವಿಮಾನ ನಿಲ್ದಾಣದ ಬಾಗಿಲಿನಲ್ಲಿ. ಹಿಮ ಸಣ್ಣಗೆ ಬೀಳುತ್ತಿತ್ತು. ಚೀಲಗಳನ್ನು ಇಳಿಸಿ, ಅವ್ವನನ್ನು ಅಪ್ಪಿಕೊಂಡು, ಕಾಕಾನ ಕಾಲು ಮುಟ್ಟಿದೆ. ಅವರು ತಲೆಯ ಮೇಲೆ ಕೈಯಿಟ್ಟರು. ಆದರೆ ಕಣ್ಣು ನನ್ನ ಬೆನ್ನ ಹಿಂದೆ ಇತ್ತು.

"ಗಾಡಿ ನಿಲ್ಲಿಸಿದ ಜಾಗಾ ಬರಾಬರಿ ಇಲ್ಲ ಪೋರಿ. ಹಿಂದಿನ ಮೋಟಾರಕ್ಕ ಹಾದಿ ಇಲ್ಲ. ಹೋಗು, ಮೊದಲ ಅದನ್ನ ಸರಸು."

ನಾನು ಹೋಗಿ ಕಾರು ಸರಿಸಿ ಬರುವಷ್ಟರಲ್ಲಿ ಅವರು ಒಳಗೆ ಹೋಗಿದ್ದರು.